ನಾಲ್ಕು ಬೆರಳಿನ ಅಳತೆ

ನಾನು ಏಳನೇ ಕ್ಲಾಸಿನಲ್ಲಿ ಫೇಲಾದವನು. ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಬಾಯಲ್ಲಿ ಹೇಳಲು ಹೋದಾಗಲೆಲ್ಲ ನನ್ನ ತಪ್ಪನ್ನು ಸ್ವಲ್ಪ ಸಣ್ಣದು ಮಾಡಿಯೇ ಹೇಳಿಬಿಡುತ್ತೇನೆ. ಅದಕ್ಕೇ ಬರೆಯಲು ಕೂತಿದ್ದೇನೆ.

ತೊಂಬತ್ತರ ದಶಕದ ನಡುವಿನ ವರ್ಷಗಳು. ದೋಹಾದ ಹಳೆಯ ಪೇಟೆಯಾದ ಸೂಕಿನಲ್ಲಿ, ಮರುಭೂಮಿಗೆ ಹೋಗುವವರಿಗೆ ಬೇಕಾದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಅಣ್ಣ ಸೇಲ್ಸ್‌ಮನ್ ಆಗಿದ್ದ. ಡೇರೆ, ಅರಬರ ಕಾಫಿ ಕಾವಾ ಕಾಯಿಸುವ ಹೂಜಿ, ಗಿಡುಗನ ತಲೆಗೆ ಹಾಕುವ ತೊಗಲಿನ ಟೊಪ್ಪಿ, ದುರ್ಬೀನು, ಬೇಟೆ ಬಂದೂಕಿನ ಮೇಲೆ ಕೂರಿಸುವ ಸ್ಕೋಪು ಎಲ್ಲ ಅಲ್ಲಿ ಸಿಗುತ್ತಿದ್ದವು. ಕುಂದಾಪುರದ ಕಡೆಯ ನಮಗೆ ಬಂದೂಕು ಅಂದರೆ ಪೊಲೀಸರ ಹೆಗಲ ಮೇಲೆ ಕಂಡದ್ದು, ಅಷ್ಟೇ. ಅಣ್ಣ ಈ ವಿದ್ಯೆಯನ್ನು ಗಿರಾಕಿಗಳನ್ನೇ ಕೇಳಿ ಕೇಳಿ ಕಲಿತಿದ್ದ. ಆಮೇಲೆ ವೀಸಾ ಮಾಡಿಸಿ ನನ್ನನ್ನೂ ಅಲ್ಲಿಗೇ ಕರೆಸಿಕೊಂಡ. ಆಗ ನನಗೆ ಇಪ್ಪತ್ತಾರು. ಧೂಳು ಒರೆಸುವುದು, ಪೆಟ್ಟಿಗೆ ಕಟ್ಟುವುದು, ಬಂದವರಿಗೆ ಚಾ ಕೊಡುವುದು ನನ್ನ ಕೆಲಸ.

ಸ್ಕೋಪು ಮಾರುವಾಗ ಅಣ್ಣನದೊಂದು ಪದ್ಧತಿ ಇತ್ತು. ಸಾಮಾನು ಬಂದ ಪೆಟ್ಟಿಗೆಯ ಹಲಗೆಯಿಂದ ಅವನೇ ಒಂದು ಮರದ ಬಂದೂಕು ಕೆತ್ತಿಕೊಂಡಿದ್ದ. ಸ್ಕೋಪನ್ನು ಅದರ ಮೇಲೆ ಕಟ್ಟಿ, ಗಿರಾಕಿಯ ಭುಜಕ್ಕೆ ಕೊಡುತ್ತಿದ್ದ. ಅವರು ಕಣ್ಣಿಟ್ಟು, ಒಳಗಿನ ಚಿತ್ರ ಅಂಚಿನಲ್ಲಿ ಕಪ್ಪಾಗದೆ ಇಡೀ ಕಾಣುತ್ತಿದೆ ಅಂದಾಗ, ಅವರ ಹುಬ್ಬಿಗೂ ಗಾಜಿಗೂ ನಡುವೆ ತನ್ನ ಬೆರಳುಗಳನ್ನು ಅಡ್ಡ ಇಟ್ಟು ನೋಡುತ್ತಿದ್ದ. ನಾಲ್ಕು ಬೆರಳು ಹಿಡಿದರೆ ಸರಿ.

"ಸ್ಕೋಪ್ ತಕಂಬುದ್ ಅಂದ್ರೆ ಚಪ್ಪಲಿ ತಕಂಡಂಗೆ ಮಾಣಿ. ಹಾಕ್ಕಂಡೇ ಕಾಣ್ಕ್," ಅನ್ನುತ್ತಿದ್ದ. "ದೊಡ್ಡ ಬಂದೂಕು ಹಿಂದಕ್ಕೆ ಒದೆಯತ್ತ್. ಜಾಗ ಇಲ್ದಿದ್ರೆ ಸೀದಾ ಕಣ್ಣಿಗೇ."

ಆ ಚಳಿಗಾಲಕ್ಕೆ ಮುಂಚೆ ಒಬ್ಬ ಹಿರಿಯರು ಬಂದರು. ಅಂಗಡಿಯ ಯಜಮಾನ, ಅಂದರೆ ನಮ್ಮಿಬ್ಬರ ವೀಸಾ ಯಾರ ಹೆಸರಿನಲ್ಲಿತ್ತೋ ಆ ಕಫೀಲ, ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಅವನ ತಂದೆಯ ಗೆಳೆಯರು. ನಾವು ಅವರನ್ನು ಬಾಬಾ ಅನ್ನುತ್ತಿದ್ದೆವು. ಮಕ್ಕಳ ಜೊತೆ ಹೊರದೇಶಕ್ಕೆ ಬೇಟೆಗೆ ಹೊರಟಿದ್ದರು. ಬಂದೂಕು ಹಳೆಯದು, ದೊಡ್ಡದು. ಬಲಭುಜಕ್ಕೆ ಆಪರೇಶನ್ ಆಗಿತ್ತು. ಆದ್ದರಿಂದ ಅವರದು ಒಂದೇ ಮಾತು: "ಖಫೀಫ್." ಹಗುರದ್ದು ಕೊಡು.

ಅಣ್ಣ ಎಂಟು ಸ್ಕೋಪು ಇಳಿಸಿದ. ಪಕ್ಕದ ಏಲಕ್ಕಿ ಅಂಗಡಿಯಿಂದ ತಕ್ಕಡಿ ತರಿಸಿ ಒಂದೊಂದನ್ನೂ ತೂಗಿದ. ಒಂದಂತೂ ಹಿಡಿ ಖರ್ಜೂರದಷ್ಟೂ ತೂಗಲಿಲ್ಲ. ಬಾಬಾ ಕೈ ಚಾಚಿದರು. ಅಣ್ಣ ಅದನ್ನು ಮರದ ಬಂದೂಕಿಗೆ ಕಟ್ಟಿ ತೋರಿಸಿದ. ಎರಡು ಬೆರಳೂ ಸರಿಯಾಗಿ ಹಿಡಿಯಲಿಲ್ಲ. "ಇದು ಸಣ್ಣ ಬಂದೂಕಿನದು ಬಾಬಾ. ನಿಮ್ಮದಕ್ಕೆ ಬೇಡ," ಅಂದು, ಅದಕ್ಕಿಂತ ತುಸು ಭಾರದ ಇನ್ನೊಂದನ್ನು ಆರಿಸಿದ. ಅದಕ್ಕೆ ನಾಲ್ಕು ಬೆರಳು ಹಿಡಿಯಿತು.

"ಇಷ್ಟೆಲ್ಲ ಅಳೆದು ನೋಡಿ ನೀನು ಸ್ಕೋಪು ಮಾರುತ್ತೀಯೋ, ಹೆಣ್ಣು ಕೊಡುತ್ತೀಯೋ?" ಎಂದು ಬಾಬಾ ನಕ್ಕರು. ನಾಳೆ ಡ್ರೈವರನ್ನು ಕಳಿಸುತ್ತೇನೆ ಎಂದು ಹೋದರು.

ಅಣ್ಣ ಆ ದಿನಗಳಲ್ಲಿ ಬಹಳ ಖುಷಿಯಲ್ಲಿದ್ದ. ಅತ್ತಿಗೆಯನ್ನೂ ನಾಲ್ಕು ವರ್ಷದ ಮಗಳನ್ನೂ ಕರೆಸಿಕೊಳ್ಳಲು ಕಫೀಲ ಕಾಗದಕ್ಕೆ ಸಹಿ ಹಾಕುತ್ತೇನೆ ಅಂದಿದ್ದ. ದೋಹಾ ಪಕ್ಕದ ಅಲ್ ವಕ್ರಾದಲ್ಲಿ ಎರಡು ಕೋಣೆಯ ಮನೆಯನ್ನೂ ನೋಡಿಟ್ಟಾಗಿತ್ತು. ಅಲ್ಲಿನ ವಾಶ್‌ಬೇಸಿನ್ ಮಗಳಿಗೆ ಎಟುಕುವುದಿಲ್ಲ ಎಂದು ನೀಲಿ ಪ್ಲಾಸ್ಟಿಕ್ಕಿನ ಪುಟ್ಟ ಸ್ಟೂಲ್ ತಂದು ನಮ್ಮ ಕೋಣೆಯ ಮಂಚದಡಿ ಇಟ್ಟಿದ್ದ. ಮನೆಗೆ ಮೊದಲು ಬಂದ ಸಾಮಾನು ಅದು.

ಮರುದಿನ ಬೆಳಿಗ್ಗೆ ಅಣ್ಣ ಸಾಮಾನು ಬಿಡಿಸಲು ಕಸ್ಟಮ್ಸಿಗೆ ಹೋಗಿದ್ದಾಗ ಬಾಬಾರ ಡ್ರೈವರ್ ಬಂದ. ಅಣ್ಣ ಆರಿಸಿದ ಪೆಟ್ಟಿಗೆಯ ಮೇಲೆ ಬಾಬಾರ ಹೆಸರಿನ ಚೀಟಿ ಅಂಟಿಸಿತ್ತು. ಕೊಟ್ಟರೆ ಮುಗಿಯಿತು. ಆದರೆ ಹಗುರದ ಆ ಇನ್ನೊಂದು ಪಕ್ಕದಲ್ಲೇ ಇತ್ತು. ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದೆ. ಪಾಪ, ಭುಜ ನೋವಿನ ಮುದುಕರು ಹಗುರದ್ದೇ ಕೇಳಿದ್ದಲ್ಲವೇ, ಅಣ್ಣ ತನ್ನ ಬೆರಳಿನ ಹಟದಲ್ಲಿ ಭಾರದ್ದನ್ನು ದಾಟಿಸುತ್ತಿದ್ದಾನೆ ಅನ್ನಿಸಿತು. ಈ ಮಾತಿನಲ್ಲೂ ಪೂರ್ತಿ ನಿಜವಿಲ್ಲ. ನಿಜ ಏನೆಂದರೆ, ಆಮೇಲೆ ಬಾಬಾ ಬಂದು "ಇದನ್ನು ಕೊಟ್ಟವನು ಯಾರು?" ಎಂದು ಮೆಚ್ಚಿ ಕೇಳಲಿ, ನಾನು ಮುಂದೆ ಬರಲಿ ಎಂಬ ಆಸೆ. ಯಾವ ಬಂದೂಕಿಗೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದ ಇಂಗ್ಲಿಷ್ ನನಗೆ ಓದಲು ಬರುತ್ತಿರಲಿಲ್ಲ. ಚೀಟಿ ಕಿತ್ತು ಹಗುರದ ಪೆಟ್ಟಿಗೆಗೆ ಅಂಟಿಸಿ ಕೊಟ್ಟೆ.

ವಾರ ಕಳೆದು ಬಾಬಾ ಬಂದರು. ಬಲಹುಬ್ಬಿನ ಮೇಲೆ ಪಟ್ಟಿ. ಬೇಟೆಗೆ ಹೊರಡುವ ಮೊದಲು ಪರೀಕ್ಷೆಗೆಂದು ಇಲ್ಲಿನ ಮರುಭೂಮಿಯಲ್ಲಿ ಡಬ್ಬಿಗೆ ಗುರಿಯಿಟ್ಟು ಹೊಡೆದ ಮೊದಲ ಗುಂಡಿಗೇ ಬಂದೂಕು ಒದ್ದು, ಸ್ಕೋಪಿನ ಅಂಚು ಹುಬ್ಬನ್ನು ಸೀಳಿತ್ತು. ಮೂರು ಹೊಲಿಗೆ. ಕಣ್ಣು ಉಳಿದದ್ದೇ ದೊಡ್ಡದು. ಜೊತೆಗೆ ಬಂದ ಮಗ ಸ್ಕೋಪನ್ನು ಗಲ್ಲೆಯ ಮೇಲೆ ಕುಕ್ಕಿದ.

ಅಣ್ಣ ಅದನ್ನು ಕೈಗೆತ್ತಿಕೊಂಡ. ನೋಡಿದ ಕೂಡಲೇ ಅವನಿಗೆ ತಿಳಿಯಿತು. ನನ್ನ ಕಡೆ ತಿರುಗಿದ. ನಾನು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚುತ್ತಿದ್ದೆ. ಮಡಚಿ, ಬಿಡಿಸಿ, ಮತ್ತೆ ಮಡಚಿದೆ.

"ಕೊಟ್ಟವರು ಯಾರು?" ಕಫೀಲ ಕೇಳಿದ.

"ನಾನು," ಅಂದ ಅಣ್ಣ. "ತಪ್ಪು ನನ್ನದು."

ಬಾಬಾ ಅಣ್ಣನ ಮುಖ ನೋಡಿ, ಮಗನನ್ನು ಕರೆದುಕೊಂಡು ಹೊರಟುಹೋದರು. ಹಿರಿಯರ ಎದುರು ತಲೆ ತಗ್ಗಿಸಬೇಕಾಯಿತಲ್ಲ ಎಂದು ಕಫೀಲನಿಗೆ ಅವಮಾನ. ಅಣ್ಣನನ್ನು ಅಂಗಡಿಯಿಂದ ತೆಗೆದು ಹಿಂದಿನ ಗೋಡೌನಿಗೆ ಹಾಕಿದ. ಮನೆಯವರ ಕಾಗದದ ಮಾತೆತ್ತಿದರೆ "ಬಾದೆನ್, ಬಾದೆನ್" ಅಂದ. ಆಮೇಲೆ ನೋಡೋಣ. ಗಲ್ಲೆಯ ಹಿಂದೆ ಯಾರು? ನಾನೇ.

ಅದೇ ಸಂಜೆ ಗೋಡೌನಿನಲ್ಲಿ ಕೇಳಿದೆ, "ಎಂತಕ್ಕೆ ಹಾಂಗ್ ಹೇಳ್ದೆ ಅಣ್ಣ?"

"ನಿನ್ ವೀಸಾ ಇನ್ನೂ ಹೊಸ್ತ್. ಊರಿಗ್ ಕಳಿಸ್ರೆ ಹೋಯಿ ಎಂತ ಮಾಡ್ತೆ?" ಎಂದು ಮರದ ಬಂದೂಕನ್ನು ನನ್ನ ಭುಜಕ್ಕಿಟ್ಟ. ನನ್ನ ಹುಬ್ಬಿನ ಮುಂದೆ ನಾಲ್ಕು ಬೆರಳು ಅಡ್ಡ ಹಿಡಿದ. ಬೆರಳುಗಳಿಗೆ ಹುರಿಹಗ್ಗದ ವಾಸನೆ. "ಇನ್ನ್ ಇದನ್ನ್ ಬಿಟ್ಟ್ ಒಂದೂ ಕೊಡ್ಬೇಡ. ಆಯ್ತಾ ಮಾಣಿ?"

ಅವನು ಬೈದಿದ್ದರೆ ನಾನು ಮರುದಿನವೇ ಕಫೀಲನ ಬಳಿ ಹೋಗುತ್ತಿದ್ದೆನೋ ಏನೋ. ಬೈಯಲಿಲ್ಲ. ಇದೂ ನನ್ನ ನೆವವೇ. ನಾನು ಗಲ್ಲೆಯ ಹಿಂದೆ ನಿಂತೆ, ಬೆರಳಿಟ್ಟು ಅಳೆದೆ, ಸ್ಕೋಪು ಮಾರಿದೆ. ಗಿರಾಕಿಗಳು "ಶಾಬಾಶ್ ಸದೀಕ್", ಭಲೇ ಗೆಳೆಯ, ಅಂದರು. ಅಣ್ಣ ಗೋಡೌನಿನಲ್ಲಿ ಡೇರೆಯ ಗೂಟ ಎಣಿಸುತ್ತಿದ್ದ. ಕೂರಲು ಅಲ್ಲಿ ಏನೂ ಇರಲಿಲ್ಲವೆಂದು ಮಗಳಿಗೆ ತಂದ ನೀಲಿ ಸ್ಟೂಲನ್ನೇ ಒಯ್ದಿದ್ದ. ದೊಡ್ಡ ಮೈಯವನು, ಮೊಣಕಾಲು ಎದೆಗೆ ತಾಗುವಂತೆ ಮುದುರಿ ಕೂರುತ್ತಿದ್ದ. ಊರಿನಿಂದ ಅತ್ತಿಗೆಯ ಪತ್ರ ಬಂದರೆ ಅದರ ಮೇಲೇ ಕೂತು ಓದುತ್ತಿದ್ದ. "ಯಾವಾಗ ಅಂತ ಕೇಂತ್ಳ್," ಎಂದು ನಗುತ್ತಿದ್ದ.

ಬಿಸಿಲು ಏರತೊಡಗಿದ ಕಾಲಕ್ಕೆ ಬಾಬಾ ಮತ್ತೆ ಬಂದರು. ಅವರಿಗೊಂದು ದುರ್ಬೀನು ಬೇಕಿತ್ತು. ಹುಬ್ಬಿನಲ್ಲಿ ಬಿಳಿ ಗೆರೆ ಉಳಿದಿತ್ತು. ಅದನ್ನು ಅಷ್ಟು ಹತ್ತಿರದಿಂದ ನೋಡಿದಾಗ ನನಗೆ ತಡೆಯಲಾಗಲಿಲ್ಲ. ನನ್ನ ಹರಕು ಅರಬಿಯಲ್ಲಿ ಹೇಳಿಬಿಟ್ಟೆ: ಅವತ್ತು ಪೆಟ್ಟಿಗೆ ಬದಲಿಸಿದವನು ನಾನು, ಅಣ್ಣನಲ್ಲ.

ಬಾಬಾ ಆಶ್ಚರ್ಯಪಡಲಿಲ್ಲ. "ನಿನ್ನ ಅಣ್ಣ ನನ್ನ ಹುಬ್ಬಿನ ಮುಂದೆ ಬೆರಳಿಟ್ಟು ಅಳೆದವನು. ಅವನು ಅದನ್ನು ಕೊಡುವುದಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ ಬಾಬಾ?"

"ಅವನು ಮುಚ್ಚಿದ್ದನ್ನು ನಾನು ತೆರೆಯಲೇ? ಬಾಯಿ ನಿನಗಿದೆ. ನಿನ್ನ ಕಫೀಲನಿಗೆ ಹೇಳಿದೆಯಾ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಹಾಗಾದರೆ ನನಗೆ ಹೇಳಿ ಏನು ಬಂತು?" ಎಂದು ದುರ್ಬೀನು ಎತ್ತಿಕೊಂಡು ಹೋದರು.

ಆಮೇಲೂ ನಾನು ಮೂರು ವಾರ ತೆಗೆದುಕೊಂಡೆ. ಕೊನೆಗೆ ಧೈರ್ಯ ಮಾಡಿ ಯಜಮಾನನ ಮನೆಗೆ ಹೋದರೆ ಅವನು ಬೇಸಿಗೆ ಕಳೆಯಲು ಹೊರದೇಶಕ್ಕೆ ಹೋಗಿಯಾಗಿತ್ತು. ಅವನು ಬಂದ ದಿನವೇ ಹೇಳಿದೆ. "ಯಲ್ಲಾ, ನೀನು ಗೋಡೌನಿಗೆ ನಡೆ," ಅಂದ. ಅಷ್ಟೇ. ಊರಿಗೆ ಕಳಿಸಲಿಲ್ಲ. ಅಣ್ಣ ಗಲ್ಲೆಗೆ ಬಂದ. ಕಾಗದಕ್ಕೆ ಸಹಿ ಬಿತ್ತು. ಆದರೆ ವಕ್ರಾದ ಆ ಮನೆ ಬೇರೆಯವರ ಪಾಲಾಗಿತ್ತು. ಅಲ್ಲೇ ಬೇರೆ ಮನೆ ಸಿಕ್ಕಿ, ಕಚೇರಿಗಳನ್ನೆಲ್ಲ ಸುತ್ತಿ ಮುಗಿಸುವಷ್ಟರಲ್ಲಿ ಇನ್ನೊಂದು ಚಳಿಗಾಲವೂ ಕಳೆಯಿತು.

ಅವರು ಬಂದ ಮರುದಿನ ಬೆಳಿಗ್ಗೆ ನಾನು ಸ್ಟೂಲನ್ನು ಚೆನ್ನಾಗಿ ತೊಳೆದು ವಕ್ರಾಕ್ಕೆ ಒಯ್ದೆ. ಮಗು ಆಗಷ್ಟೇ ಎದ್ದು ಹಲ್ಲುಜ್ಜುತ್ತಿತ್ತು. ವಾಶ್‌ಬೇಸಿನ್ ಮುಂದೆ ನೆಲದ ಮೇಲೇ ನಿಂತು, ತಾನೇ ನಲ್ಲಿ ತಿರುಗಿಸಿ, ತಾನೇ ಬಾಯಿ ಮುಕ್ಕಳಿಸಿತು. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನನ್ನ ಕೈಯಲ್ಲಿದ್ದ ಸ್ಟೂಲನ್ನೂ ನೋಡಿದ.

"ಬಿಡ್ ಮಾಣಿ. ನೀ ಕೂಕೊ ಅದ್ರ್ ಮೇಲೆ," ಅಂದ.

ಕೂತೆ. ಅತ್ತಿಗೆ ಚಾ ಕೊಟ್ಟರು. "ನೀವ್ ಇದ್ದದ್ದಕ್ಕೆ ಇವ್ರಿಗೆ ಒಂದ್ ಆಸ್ರ ಆಯ್ತ್," ಅಂದರು. ನಾನು ಬಗ್ಗಿ ಚಾ ಕುಡಿದೆ. ವೀಸಾ ಕಾಗದ ಅಷ್ಟು ತಡವಾದದ್ದು ಯಾಕೆಂದು ಅಣ್ಣ ಅವರಿಗೆ ಹೇಳಿರಲಿಲ್ಲ, ಇವತ್ತಿಗೂ ಹೇಳಿಲ್ಲ. ಅದನ್ನು ಹೇಳಬೇಕಾದವನು ನಾನು. ಈ ಹಾಳೆಗಳನ್ನು ಮೊದಲು ಕೊಡುವುದು ಅತ್ತಿಗೆಯ ಕೈಗೇ.