ಹಲಸಿನ ಮೇಣ ತುಂಬಿದ ದಾರಂದ

ಪಕ್ಕದ ಮನೆಯ ಅಣ್ಣ ಇವತ್ತು ಬೆಳಗ್ಗೆ ಮರದ ಸಂದಿಗೆ ಮೆತ್ತುವ ಪುಟ್ಟಿಯ ಡಬ್ಬಿಯೊಂದನ್ನು ಕೈಗಿಟ್ಟು, "ನಮ್ಮ ಬಾಗ್ಲು ಸಂದು ಮುಚ್ಚಿಕೊಡು ಮಾರಾಯ" ಎಂದ. ಮುಚ್ಚಳ ತೆಗೆದೆ. ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅವನ ತಾಯಿ ನೆನಪಾದರು. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಈ ವಾಸನೆ ಅವರಿಗೆ ಆಗುತ್ತಿರಲಿಲ್ಲ...

ಅಣೆಕಟ್ಟು ಕಟ್ಟಿ ಶರಾವತಿಯ ನೀರು ಏರಿ ಅವರ ಊರು ಮುಳುಗಿದಾಗ ಸಾಗರದ ಹತ್ತಿರ, ನಮ್ಮ ಪಕ್ಕದಲ್ಲೇ ಅವರಿಗೆ ಜಾಗ ಸಿಕ್ಕಿತು. ಉಳಿದವರು ಹಂಚು, ಪಾತ್ರೆ ಗಾಡಿಗೆ ಹೇರಿದರೆ ಇವರು ಮೊದಲು ಹೇರಿಸಿದ್ದು ದಾರಂದವನ್ನು, ಹಳೇ ಮನೆ ಹೆಬ್ಬಾಗಿಲಿನ ಹಲಸಿನ ಚೌಕಟ್ಟನ್ನು. ಅವಸರದಲ್ಲಿ ಹಾರೆ ಹಾಕಿ ಕಿತ್ತದ್ದರಿಂದ ಮೂಲೆಗಳು ಸಡಿಲಾಗಿ ಸಂದು ಬಿಟ್ಟಿದ್ದವು.

ಹೊಸ ಮನೆಗೆ ಅದನ್ನು ನಿಲ್ಲಿಸಲು ಬಂದ ಆಚಾರಿ ಒಂದು ಕಣ್ಣು ಮುಚ್ಚಿ ಸಂದಿನೊಳಗೆ ನೋಡಿದರು.

"ಬೆಳಕು ಕಾಣ್ತದೆ ಅಮ್ಮ. ಹೆಬ್ಬಾಗ್ಲಲ್ಲಿ ಬೆಳಕು ಕಂಡ್ರೆ ಮನೆಗೆ ಒಳ್ಳೇದಲ್ಲ, ನಾನು ನಿಲ್ಸೋದಿಲ್ಲ. ಇದನ್ನ ಒಲೆಗೆ ಹಾಕಿ."

"ಹಂಗಾದ್ರೆ ನಿಮ್ಮನ್ನೂ ಹಾಕ್ಬೇಕಲ್ಲ ಆಚಾರ್ರೆ. ನಿಮ್ ಹಲ್ಲಲ್ಲೂ ಸಂದಿದೆ."

ಮಗನೂ ಆಚಾರಿಯ ಪರ. "ಊರೇ ಹೋಯ್ತು ಅವ್ವ. ಈ ಕಟ್ಟಿಗೆ ಇಟ್ಕೊಂಡು ಎಂತ ಮಾಡ್ತೀಯ?"

"ಊರು ಡ್ಯಾಮಿನವ್ರು ತಗಂಡ್ರು. ಬಾಗ್ಲು ಕೊಡ್ತೀನಿ ಅಂತ ನಾನು ಹೇಳಿಲ್ಲ. ಇದನ್ನ ದಾಟಿ ಸೊಸೆಯಾಗಿ ಬಂದವ್ಳು ನಾನು. ಇದು ನಿಲ್ದಿದ್ರೆ ಒಳಗೆ ಕಾಲಿಡೋದಿಲ್ಲ. ನೀವು ಇರಿ, ನಾನು ಕೊಟ್ಟಿಗೇಲಿರ್ತೀನಿ."

ಗೃಹಪ್ರವೇಶ ಹತ್ತಿರವಿತ್ತು. ಯಾರೂ ಕಲಿಸದಿದ್ದರೂ ನಾನು ಆಗಷ್ಟೇ ಉಳಿ ಹಿಡಿಯಲು ಕಲಿಯುತ್ತಿದ್ದೆ. ಹುರುಪಿನಲ್ಲಿ ಪುಟ್ಟಿ ತಂದು ಮೆತ್ತಿದೆ. ಅಂಗಳದಲ್ಲಿ ಒರಗಿಸಿಟ್ಟಿದ್ದ ಮರ ಒಂದು ಮಳೆಗೆ ಉಬ್ಬಿತು, ಬಿಸಿಲಿಗೆ ಕುಗ್ಗಿತು, ಪುಟ್ಟಿ ಹಪ್ಪಳದ ಹಾಗೆ ಉದುರಿತು. ಮರದ ಪುಡಿಗೆ ಗಂಜಿ ಕಲಸೋಣವೆಂದೆ. "ಗೆದ್ದಲಿಗೆ ಊಟ ಹಾಕ್ತೀಯ?" ಎಂದರು ದೊಡ್ಡಮ್ಮ.

ಆಮೇಲೆ ಕೊಟ್ಟಿಗೆಯಲ್ಲಿಟ್ಟಿದ್ದ ಅಡುಗೆ ಸಾಮಾನಿನಿಂದ ಒಂದು ಕಡ್ಡಿ ತಂದರು. ತುದಿಯಲ್ಲಿ ಹಲಸಿನ ಮೇಣದ ಕಪ್ಪು ಉಂಡೆ. ತೂತು ಬಿದ್ದ ಕೊಡ ಮುಚ್ಚಲೆಂದು ಹಣ್ಣು ಕೊಯ್ದಾಗಲೆಲ್ಲ ಸುತ್ತಿಟ್ಟದ್ದು. ಅದನ್ನು ಕೆಂಡಕ್ಕೆ ಹಿಡಿದು, ಕರಗಿದ್ದನ್ನು ಎಣ್ಣೆ ಸವರಿದ ಹೆಬ್ಬೆರಳಿನಿಂದ ಸಂದಿಗೆ ಒತ್ತಿದರು.

"ಸುಡ್ತದಾ ದೊಡ್ಡಮ್ಮ?"

"ಸುಡ್ಲಿ."

ಮತ್ತೆ ಮಳೆ ಬಂತು, ಬಿಸಿಲು ಬಂತು. ಮರ ಕುಗ್ಗಿ ಸಂದು ಅಗಲವಾದಷ್ಟು ಮೇಣವೂ ಹಿಗ್ಗಿತು. ಆಚಾರಿ ಈ ಕಣ್ಣಿಟ್ಟರು, ಆ ಕಣ್ಣಿಟ್ಟರು. ಬೆಳಕಿಲ್ಲ.

"ಬೇಸಿಗೇಲಿ ಇಳೀತದೆ, ನೋಡಿ" ಎಂದರು.

"ಇಳಿದ್ರೆ ಮತ್ತೆ ತುಂಬ್ತೀನಿ. ನೀವು ನಿಲ್ಸಿ."

ಆಚಾರಿ ಹೇಳಿದ್ದು ಸುಳ್ಳಾಗಲಿಲ್ಲ. ಬೇಸಿಗೆ ಬಂದಾಗಲೆಲ್ಲ ಮೇಣ ಇಳಿಯಿತು. ದೊಡ್ಡಮ್ಮ ಆಡಿದ ಮಾತೂ ಸುಳ್ಳಾಗಲಿಲ್ಲ.

ಹೋದ ಚಳಿಗಾಲ ಅವರು ತೀರಿಕೊಂಡರು... ಈ ಬೇಸಿಗೆ ಸಂದು ತುಂಬುವವರಿಲ್ಲ. ಹೋಗಿ ನೋಡಿದರೆ ದಾರಂದದ ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು.

ಡಬ್ಬಿಗೆ ಮುಚ್ಚಳ ಹಾಕಿ ವಾಪಸ್ ಕೊಟ್ಟೆ. "ಇದು ಬ್ಯಾಡ ಅಣ್ಣ. ಅವ್ರ ಕಡ್ಡಿ ಎಲ್ಲಿದೆ?"

ಅಡುಗೆಮನೆಯ ಗೋಡೆಯಲ್ಲಿ ಸಿಕ್ಕಿಸಿದ್ದು ಹಾಗೇ ಇತ್ತು. ಉಂಡೆಯ ಮೇಲೆ ಅವರ ಹೆಬ್ಬೆರಳು ಒತ್ತಿದ ಗುರುತು, ಗೆರೆ ಗೆರೆಯಾಗಿ. ಕೆಂಡಕ್ಕೆ ಹಿಡಿದರೆ ಅದೂ ಕರಗುತ್ತದೆ.

ಹಿಡಿದೆ.