ಲಾ ಸೀಟು ಮತ್ತು ಅತ್ತೆಯ ಪಾಲು

ನಾನು ಲಾ ಓದಬೇಕೆಂದು ಮೊದಲು ಹೇಳಿದ್ದು ಅಪ್ಪನೇ. ನಾನು ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದೆ. ಹಡಗಲಿಗೆ ಮದುವೆ ಮಾಡಿ ಕೊಟ್ಟಿದ್ದ ಅಪ್ಪನ ತಂಗಿ, ನನ್ನ ಅತ್ತೆ, ಬಾಗಳಿ ಹತ್ತಿರದ ನಮ್ಮ ಹೊಲದಲ್ಲಿ ತನ್ನ ಪಾಲು ಕೇಳಿ ವಕೀಲರಿಂದ ನೋಟಿಸ್ ಕಳಿಸಿದ್ದಳು. ಕೊಟ್ಟೂರಿನ ನಮ್ಮ ಸಿಮೆಂಟ್ ಅಂಗಡಿಗೆ ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸುತ್ತಿದ್ದ.

"ನನ್ನ ಮಗಳ್ನ ಲಾಯರ್ ಮಾಡ್ತೀನಿ. ಮನಿಯಾಗೊಬ್ರು ಲಾಯರ್ ಇದ್ರ ಯಾವ ನೋಟಿಸ್ ಬಂದ್ರೇನು?"

ನನಗೆ ಹಿಗ್ಗೋ ಹಿಗ್ಗು. ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಬಿ.ಎ., ಎಲ್‌ಎಲ್.ಬಿ. ಎರಡನ್ನೂ ಒಟ್ಟಿಗೆ ಐದು ವರ್ಷದಲ್ಲಿ ಮುಗಿಸುವ ಕೋರ್ಸಿತ್ತು. ಸೈಬರ್ ಸೆಂಟರಿನಲ್ಲಿ ಅಪ್ಪನೇ ಪಕ್ಕದಲ್ಲಿ ನಿಂತು ಅರ್ಜಿ ಹಾಕಿಸಿದ. ಫೋಟೊದಲ್ಲಿ ನಗುತ್ತಿದ್ದೇನೆಂದು ಇನ್ನೊಂದು ತೆಗೆಸಿದ. ವಕೀಲರು ನಗಬಾರದಂತೆ.

ಅರ್ಜಿ ಹಾಕಿದ ಮೇಲೆ ನಾನು ಕಾನೂನಿಗೆ ಸಂಬಂಧಿಸಿದ್ದು ಏನು ಸಿಕ್ಕರೂ ಓದತೊಡಗಿದೆ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಪ್ಪ ಕೇಳಿದ, "ಏನವ್ವ ಲಾಯರಮ್ಮ, ನಮ್ಮ ಹೊಲದ್ದು ಏನಾಕ್ಕತಿ?"

"ಹಿರೇರ ಹೊಲ ಅಲ್ಲೇನಪ್ಪ ಅದು. ಅತ್ತಿಗೂ ನಿನ್ನಷ್ಟ ಪಾಲು ಐತಿ. ಕೋರ್ಟಿಗೆ ಹೋದ್ರೂ ಅಷ್ಟ."

ಅವ್ವ ಸೌಟು ಹಿಡಿದುಕೊಂಡು ನಿಂತುಬಿಟ್ಟಳು. ಅಪ್ಪ ಸಾವಕಾಶ ರೊಟ್ಟಿ ತಿಂದು ಮುಗಿಸಿದ. ಕೈ ತೊಳೆದು ಬಂದು ಹೇಳಿದ, "ಇವತ್ತು ಆಕಿ ಕೇಳ್ಯಾಳ. ಲಾ ಓದ್ಸಿದ್ರ ನಾಳೆ ನಿನ್ನ ತಮ್ಮನ ಹತ್ರ ನೀನೂ ಕೇಳ್ತಿ."

"ನಾನೇನು ಕೇಳಿಲ್ಲಪ್ಪ."

"ಹಂಗಾರ ಪಾಲು ಬ್ಯಾಡಂತ ಬರಕೊಡು. ಆಮ್ಯಾಗ ಹೋಗು."

ಆ ಹೊಲದ ಮೇಲೆ ನನಗೆ ಆಸೆಯೇನೂ ಇರಲಿಲ್ಲ. ಅಪ್ಪ ಕೇಳಿದ ರೀತಿಗೆ ಮೈಯೆಲ್ಲ ಉರಿಯಿತು. ಬರೆದುಕೊಡುವುದಿಲ್ಲ ಎಂದೆ.

ಸೀಟು ಸಿಕ್ಕಿತು. ಫೀಸು ಕಟ್ಟಿ ದಾಖಲಾಗಲು ಅಪ್ಪನೊಂದಿಗೆ ಹೋಗಬೇಕಾದ ದಿನ ಅವನು ಎಂದಿನಂತೆ ಅಂಗಡಿ ತೆರೆದ. ನಾನು ಮಾರ್ಕ್ಸ್ ಕಾರ್ಡಿನ ಫೈಲು ಹಿಡಿದು ಅಂಗಡಿ ಮುಂದೆ ನಿಂತೆ. ಅವನು ಲಾರಿಯಿಂದ ಸಿಮೆಂಟ್ ಚೀಲ ಇಳಿಸುವವರಿಗೆ ಚಹಾ ತರಿಸಿದ. ನನ್ನ ಕಡೆ ನೋಡಲಿಲ್ಲ. ಬಿಸಿಲೇರಿದ ಮೇಲೆ ಅವ್ವ ಬಂದು ಒಳಗೆ ಕರೆದುಕೊಂಡು ಹೋದಳು. ಸೀಟು ಬೇರೆ ಯಾರಿಗೋ ಹೋಯಿತು. ನಾನು ಊರಿನ ಕಾಲೇಜಿನಲ್ಲೇ ಬಿ.ಎ. ಸೇರಿದೆ.

ಮುಂದಿನ ನಾಗರಪಂಚಮಿಗೆ ಅಪ್ಪ ಹಡಗಲಿಗೆ ಹೋಗಿ ತಂಗಿಯನ್ನು ಕರೆತಂದ. ರೇಷ್ಮೆ ಸೀರೆ ಉಡಿಸಿ ಹರಪನಹಳ್ಳಿಯ ನೋಂದಣಿ ಕಚೇರಿಗೆ ಕರೆದೊಯ್ದ. ಅತ್ತೆ ತನ್ನ ಪಾಲು ಬಿಟ್ಟುಕೊಟ್ಟು ರುಜು ಹಾಕಿ ಬಂದಳು. ಅದೇ ಸೀರೆಯಲ್ಲಿ ಅಡುಗೆಮನೆಗೆ ಬಂದು, ಶೇಂಗಾ ಉಂಡಿ ಕಟ್ಟುತ್ತಿದ್ದ ನನ್ನ ಪಕ್ಕ ಕುಳಿತಳು.

"ಯಾಕ ಬಿಟ್ಟುಕೊಟ್ರಿ ಅತ್ತಿ?" ಎಂದೆ.

"ತವರುಮನಿ ಬಾಗ್ಲ ಮುಚ್ಚಿದ್ರ ಎಲ್ಲಿಗೆ ಬರ್ಲವ್ವ ನಾನು?" ಉಂಡಿಯನ್ನು ಅಂಗೈಯಲ್ಲಿ ಒತ್ತುತ್ತ ಅವಳು ಹೇಳಿದಳು. "ನೀನರ ಯಾಕ ಅಪ್ಪನ ಎದುರು ಮಾತಾಡಾಕ ಹೋದಿ? ಸುಮ್ಮನಿದ್ದಿದ್ರ ಇಷ್ಟೊತ್ತಿಗೆ ಲಾ ಓದ್ತಿದ್ದಿ."

ಅವಳು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಇರಬೇಕು, ಅಪ್ಪನ ಮೇಲಿದ್ದುದಕ್ಕಿಂತ ಹೆಚ್ಚಿನ ಸಿಟ್ಟು ಅವಳ ಮೇಲೆ ಬಂತು. ಬಿ.ಎ. ಮುಗಿಸಿ ಈಗ ಊರಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಅತ್ತೆ ಪ್ರತಿ ಹಬ್ಬಕ್ಕೂ ಬರುತ್ತಾಳೆ, ನಾನೂ ಮಾತಾಡಿಸುತ್ತೇನೆ. ಚಿಕ್ಕಂದಿನಿಂದ ಅವಳು ಬಂದಾಗಲೆಲ್ಲ ಅವಳ ಮಗ್ಗುಲಲ್ಲೇ ಮಲಗುತ್ತಿದ್ದ ನಾನು ಈಗ ಹಾಸಿಗೆಯನ್ನು ಬೇರೆ ಕೋಣೆಗೆ ಒಯ್ಯುತ್ತೇನೆ. ಯಾಕೆಂದು ಅವಳು ಕೇಳಿಲ್ಲ.