ಬಾವಿಯ ಮೇಲಿನ ಸೋರೆಬಳ್ಳಿ

ಸೋರೆಕಾಯಿಗೆ ಉಗುರು ಚುಚ್ಚಿ ನೋಡುವವರನ್ನು ಕಂಡರೆ ರಂಗತ್ತೆಗೆ ಮೈಯೆಲ್ಲ ಉರಿಯುತ್ತಿತ್ತು. ತಿರುಪ್ಪೂರಿನ ಸಂತೆಯಲ್ಲಿ ಅಂಥವರ ಕೈಹಿಡಿದು, "ನಿನ್ನ ಕೆನ್ನೆಗೂ ಒಂದು ಚುಚ್ಚಿ ನೋಡ್ಲಾ? ಎಳಸೋ ಬಲ್ತಿದ್ದೋ ತಿಳೀತದೆ" ಎಂದು ತಮಿಳಿನಲ್ಲಿ ಕೇಳುವರು. ಮನೆಗೆ ಬಂದು ಅದನ್ನೇ ಕನ್ನಡದಲ್ಲಿ ನಮಗೆ ಒಪ್ಪಿಸಿ, ನಾವು ನಗುವ ಮೊದಲೇ ತಾವು ನಕ್ಕುಬಿಡುವರು.

ರಂಗತ್ತೆ ನನ್ನ ಅಪ್ಪನ ಅಕ್ಕ; ನನ್ನನ್ನು ತಮಿಳರ ಮುದ್ದಿನ ಮಾತಿನಲ್ಲಿ 'ಕಣ್ಣು' ಎಂದೇ ಕರೆಯುವರು. ಕಾಂಗೇಯಂ ಹತ್ತಿರ ಅರ್ಧ ಎಕರೆಯಲ್ಲಿ ತರಕಾರಿ ಬೆಳೆದು ಮಾರುತ್ತಿದ್ದರು. ಅವರ ಸೋರೆಕಾಯಿ ಗೆರೆ ಎಳೆದಷ್ಟು ನೇರ. ಗುಟ್ಟು ಇಷ್ಟೇ: ನೆಲದಲ್ಲಿ ಮಲಗಿದ ಕಾಯಿ ಸೊಟ್ಟಗಾಗುತ್ತದೆ, ತೂಗುವ ಕಾಯಿ ನೆಟ್ಟಗಾಗುತ್ತದೆ. ಅದಕ್ಕೇ ಚಪ್ಪರವನ್ನು ಕಟ್ಟೆಯಿಲ್ಲದ ಬಾವಿಯ ಮೇಲಕ್ಕೆ ಚಾಚಿದ್ದರು.

"ಬೇರೆ ಜಾಗ ಇಲ್ವಾ ಅತ್ತೆ?"

"ಇದೆ. ಅಲ್ಲಿ ಬೆಂಡೆ ಇದೆ."

ಎಂಬತ್ತರ ದಶಕದ ಒಂದು ಮಳೆಗಾಲ. ಕೊಯಮತ್ತೂರಿನ ಕಾಲೇಜಿನಿಂದ ರಜೆಗೆ ಬಂದಿದ್ದೆ. ಬಾವಿ ತುಂಬಿತ್ತು. ಅತ್ತೆ ಒಂದು ಕೈಯಲ್ಲಿ ಚಪ್ಪರದ ಬಿದಿರು ಹಿಡಿದು, ಇನ್ನೊಂದು ಕೈಯ ಕುಡುಗೋಲನ್ನು ಕಾಯಿಯತ್ತ ಚಾಚಿದರು. ಬಿದಿರು ಮುರಿದ ಸದ್ದು. ಆಮೇಲೆ ನೀರಿನ ಸದ್ದು. ಅವರಿಗೆ ಈಜು ಬರುತ್ತಿರಲಿಲ್ಲ. ನನಗೂ.

ತಲೆ ಮುಳುಗಿತು, ಎದ್ದಿತು. ಕೈಗೆ ಬಳ್ಳಿ ಸಿಕ್ಕಿತ್ತು; ಅದು ಎಳೆಎಳೆಯಾಗಿ ಕಿತ್ತು ಬರುತ್ತಿತ್ತು. ನಾನು ಅಂಚಿನಲ್ಲಿ ನಿಂತೇ ಇದ್ದೆ.

"ಏ ಕಣ್ಣು! ಸಿನ್ಮಾ ನೋಡ್ತಿದ್ದೀಯಾ? ಬೇವಿನ ಮರದಲ್ಲಿರೋ ಬುರುಡೆ ಎಸಿ!"

ಬೀಜಕ್ಕೆಂದು ಒಣಗಿಸಿ ತೂಗುಹಾಕಿದ್ದ ಸೋರೆಬುರುಡೆಗಳು. ನಮ್ಮ ಕಡೆ ಮಕ್ಕಳು ಅವನ್ನೇ ಬೆನ್ನಿಗೆ ಕಟ್ಟಿಕೊಂಡು ಈಜು ಕಲಿಯುವುದು. ಜೋಡಿಯೊಂದನ್ನು ಕಿತ್ತು ಎಸೆದೆ. ಒಂದು ಕಲ್ಲಿಗೆ ಬಡಿದು ಬಿರುಕುಬಿಟ್ಟಿತು; ಇನ್ನೊಂದನ್ನು ಅತ್ತೆ ಬಾಚಿ ಅಪ್ಪಿಕೊಂಡರು. ತೇಲುತ್ತಲೇ ಪಕ್ಕದ ತೋಟಕ್ಕೆ ಕೇಳುವಂತೆ, "ಅಣ್ಣೋ, ಕಯಿರು ಪೋಡುಂಗೋ!" ಎಂದು ಕೂಗಿದರು. ತೋಟದವರು ಹಗ್ಗ ಎಸೆದು, ಅವರನ್ನು ಬಾವಿಯ ಮೆಟ್ಟಿಲ ಕಡೆಗೆ ಎಳೆದುಕೊಂಡರು.

ನಾನು ನಡುಗುತ್ತಿದ್ದೆ. ಅತ್ತೆ ಸೆರಗು ಹಿಂಡುತ್ತ, "ನೀನ್ಯಾಕೆ ನಡುಗ್ತೀಯಾ? ನೀರಲ್ಲಿದ್ದೋಳು ನಾನು" ಎಂದರು. ಬಿರುಕುಬಿಟ್ಟ ಬುರುಡೆಯನ್ನೂ ಬಿಡದೆ ಮೇಲೆ ತಂದಿದ್ದರು. ಒಳಗಿನ ಬೀಜ ನೆನೆದಿತ್ತು. "ಇನ್ನು ಇಟ್ರೆ ಕೊಳೀತದೆ" ಎಂದು, ಒದ್ದೆ ಸೀರೆಯಲ್ಲೇ ಕೂತು ನನ್ನ ಕೈಯಲ್ಲಿ ಬಿತ್ತಿಸಿದರು. ಬಾವಿಯಿಂದ ದೂರ, ಬೆಂಡೆಯ ಒಂದು ಸಾಲು ಕಿತ್ತು.

ಕೊನೆಯ ಸಲ ಕಂಡಾಗ ಅವರು ಹಾಸಿಗೆ ಹಿಡಿದಿದ್ದರು. ಹೊರಡುವಾಗ ಒಂದು ಬುರುಡೆಯನ್ನು ನನ್ನ ಕೈಗಿಟ್ಟರು.

"ನಮ್ಮ ಮನೇಲಿ ಬಾವಿ ಇಲ್ಲ ಅತ್ತೆ."

"ಬೀಳೋಕೆ ಬಾವಿನೇ ಬೇಕಾ ಕಣ್ಣು?"

ಅವರು ಹೋಗಿ ವರ್ಷಗಳಾದವು. ಈಗಲೂ ಕನಸಿನಲ್ಲಿ ಬಿದಿರು ಮುರಿಯುತ್ತದೆ, ನನ್ನ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಕೆಳಗಿನಿಂದ ಆ ಬೈಗುಳ ಕೇಳಿದ ಮೇಲೆಯೇ ನನ್ನ ಕೈ ಏಳುವುದು.